ಜೈಲಿಗೆ ಸ್ವಾತಂತ್ರ್ಯ ಅಂತ ಹೆಸರಿಟ್ಟರೆ ಗೋಡೆ ಬೀಳುತ್ತದೆಯೇ?



ತುಮಕೂರಿನಿಂದ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಹೋಗುವುದು ಉಪ್ಪಾರಹಳ್ಳಿಯ ನಮಗೆ ಹೊಸದೇನಲ್ಲ. ಕೂಲಿಗೆ ಹೋಗಿದ್ದೇವೆ, ಆಸ್ಪತ್ರೆಗೆ ಹೋಗಿದ್ದೇವೆ, ಬಾವುಟ ಹಿಡಿದು ಹೋರಾಟಕ್ಕೂ ಹೋಗಿದ್ದೇವೆ. ಈಚೆಗೆ ಹೋರಾಟಕ್ಕೆ ಹೋದಾಗಲೆಲ್ಲ ರೈಲ್ವೆ ನಿಲ್ದಾಣದಿಂದ ನಡೆದು ಹೋಗಿ ಕೂರುವ ಜಾಗ ಒಂದೇ. ಅದರ ಹೆಸರು ಫ್ರೀಡಂ ಪಾರ್ಕು.

ಒಂದು ಸಾರಿ ನಮ್ಮ ಜೊತೆ ಬಂದಿದ್ದ ಅಜ್ಜಿಯೊಬ್ಬಳು ಆ ಗೇಟಿನ ಹತ್ತಿರ ನಿಂತುಬಿಟ್ಟಳು. ಗೋಡೆ ನೋಡಿದಳು. ಒಳಗಿನ ಗೋಪುರ ನೋಡಿದಳು. ಇದೇನಪ್ಪ ಅಂದಳು. ಮೊದಲು ಜೈಲಾಗಿತ್ತಜ್ಜಿ, ಈಗ ಪಾರ್ಕು ಮಾಡವ್ರೆ ಅಂದೆವು. ಅವಳು ನಮ್ಮ ಮುಖ ನೋಡಿ ಕೇಳಿದಳು: "ಗೋಡೆ ಹಂಗೇ ಐತಲ್ಲ. ನಾವೇನು ತಪ್ಪು ಮಾಡಿದ್ವಿ ಅಂತ ಇದರೊಳಕ್ಕೆ ಕರ್ಕಂಡು ಬಂದ್ರಿ?"

ನಾವು ನಕ್ಕೆವು. ಆದರೆ ಆ ಮಾತು ರೈಲಿನಲ್ಲಿ ವಾಪಸ್ ಬರುವಾಗಲೂ ನಮ್ಮ ಜೊತೆಯಲ್ಲೇ ಬಂತು. ಓದು ಬರಹ ಬಲ್ಲ ನಾವು ಯಾರೂ ಕೇಳದ ಪ್ರಶ್ನೆಯನ್ನು ಹೆಬ್ಬೆಟ್ಟಿನ ಅಜ್ಜಿ ಕೇಳಿದ್ದಳು. ಈ ಲೇಖನ ಅವಳಿಗೆ ನಾವು ಕೊಡಬೇಕಾಗಿದ್ದ ಉತ್ತರ.

ಆ ಜಾಗದ ಚರಿತ್ರೆ ಗೊತ್ತಿಲ್ಲದವರಿಗೆ ಮೊದಲು ಅದನ್ನು ಹೇಳಬೇಕು. ಮೈಸೂರು ಸಂಸ್ಥಾನ ನೇರವಾಗಿ ಬ್ರಿಟಿಷ್ ಕಮಿಷನರುಗಳ ಕೈಯಲ್ಲಿದ್ದ ಕಾಲದಲ್ಲಿ, 1860ರ ದಶಕದಲ್ಲಿ, ಬೆಂಗಳೂರಿನ ಸೆಂಟ್ರಲ್ ಜೈಲು ಎದ್ದಿತು. ನಡುವೆ ಒಂದು ಕಾವಲು ಗೋಪುರ. ಅದರ ಸುತ್ತ ಬ್ಯಾರಕ್ಕುಗಳು. ಗೋಪುರದ ಮೇಲೆ ನಿಂತ ಒಬ್ಬನೇ ಒಬ್ಬ ಎಲ್ಲರ ಮೇಲೂ ಕಣ್ಣಿಡಬಹುದು. ಕೆಳಗಿದ್ದವನಿಗೆ ತನ್ನನ್ನು ಯಾವಾಗ ನೋಡುತ್ತಿದ್ದಾರೆ ಅಂತ ತಿಳಿಯುವುದಿಲ್ಲ. ಬಿಳಿಯರು ಹೋದರೂ ಜೈಲು ಉಳಿಯಿತು. 1975ರ ಜೂನ್‌ನಲ್ಲಿ ಇಂದಿರಾ ಗಾಂಧಿ ತುರ್ತು ಪರಿಸ್ಥಿತಿ ಹೇರಿದಾಗ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಇಂಥವರನ್ನು ಇದರೊಳಗೆ ಇಟ್ಟರು. 2000ದ ಸುಮಾರಿಗೆ ಕೈದಿಗಳನ್ನೆಲ್ಲ ಊರಾಚೆ ಪರಪ್ಪನ ಅಗ್ರಹಾರಕ್ಕೆ ಸಾಗಿಸಿದರು. ಅಗ್ರಹಾರ ಅಂದರೆ ರಾಜರು ಬ್ರಾಹ್ಮಣರಿಗೆ ದಾನ ಕೊಟ್ಟ ಊರು. ನಮ್ಮವರು ಅಗ್ರಹಾರದೊಳಗೆ ಕಾಲಿಡಬಾರದು ಅಂತ ಶಾಸ್ತ್ರ ಬರೆದವರ ನಾಡಿನಲ್ಲಿ, ಕೊನೆಗೂ ಬಡವನಿಗೆ ಅಗ್ರಹಾರ ಪ್ರವೇಶ ಸಿಕ್ಕಿತು. ಕೈಗೆ ಬೇಡಿ ಹಾಕಿಸಿಕೊಂಡು!

ಖಾಲಿಯಾದ ಹಳೆ ಜೈಲನ್ನು ಪಾರ್ಕು ಮಾಡಿದರು. 2008ರ ನವೆಂಬರ್‌ನಲ್ಲಿ ಜನರಿಗೆ ತೆರೆದರು. ಗೋಪುರ ಉಳಿಸಿದರು, ಕೆಲವು ಬ್ಯಾರಕ್ಕು ಉಳಿಸಿದರು, ಗಿಡ ನೆಟ್ಟರು, ಒಂದು ಭಾಗವನ್ನು ಧರಣಿ ಸತ್ಯಾಗ್ರಹಕ್ಕೆ ಬಿಟ್ಟರು. ಒಳ್ಳೆಯ ಕೆಲಸ. ನಾವು ಸುಳ್ಳು ಹೇಳುವವರಲ್ಲ. ಜೈಲು ಕೆಡವಿ ಅಂಗಡಿ ಮಳಿಗೆ ಕಟ್ಟುವ ಬದಲು ಪಾರ್ಕು ಮಾಡಿದ್ದು ಒಳ್ಳೆಯದೇ. ದಬ್ಬಾಳಿಕೆ ಮಾಡಿದ ಆಳ್ವಿಕೆ ಬಿಟ್ಟುಹೋದ ಕಟ್ಟಡವನ್ನು ಏನು ಮಾಡಬೇಕು ಅನ್ನುವ ಪ್ರಶ್ನೆಗೆ ಇದೊಂದು ಉತ್ತರ ಅಂತ ದೇಶದವರೆಲ್ಲ ಬಂದು ನೋಡಿದರು.

ಆಮೇಲೆ ನಡೆದದ್ದು ಕೇಳಿ. ಮೊದಲು ಬೆಂಗಳೂರಿನಲ್ಲಿ ನಮ್ಮ ಜನ ಟೌನ್‌ಹಾಲ್ ಮೆಟ್ಟಿಲ ಮೇಲೆ ಕೂರುತ್ತಿದ್ದರು. ಮೈಸೂರ್ ಬ್ಯಾಂಕ್ ವೃತ್ತದಲ್ಲಿ ನಿಲ್ಲುತ್ತಿದ್ದರು. ಮೌರ್ಯ ವೃತ್ತದ ಗಾಂಧಿ ಪ್ರತಿಮೆಯ ಕೆಳಗೆ ಘೋಷಣೆ ಕೂಗುತ್ತಿದ್ದರು. ಹಿಂದಿನ ತಲೆಮಾರಿನವರು ವಿಧಾನಸೌಧದ ಬಾಗಿಲ ತನಕ ಹೋದದ್ದುಂಟು. 2021ರಲ್ಲಿ ನಗರ ಪೊಲೀಸರ ಆದೇಶ ಬಂತು: ಧರಣಿ, ಪ್ರತಿಭಟನೆ ಏನಿದ್ದರೂ ಫ್ರೀಡಂ ಪಾರ್ಕಿನಲ್ಲಿ ಮಾತ್ರ. ಹೈಕೋರ್ಟೂ ಅದನ್ನು ಬಿಗಿಯಾಗಿ ಜಾರಿ ಮಾಡಿ ಅಂದಿತು. ಕಾರಣ? ವಾಹನ ಸಂಚಾರಕ್ಕೆ ಅಡಚಣೆ.

ಇದರ ಅರ್ಥವೇನು ಅಂತ ಬಿಡಿಸಿ ಹೇಳಬೇಕೇ? ಜೈಲಿಗೆ ಸ್ವಾತಂತ್ರ್ಯ ಅಂತ ಹೆಸರಿಟ್ಟರು. ಆಮೇಲೆ ಸ್ವಾತಂತ್ರ್ಯವನ್ನು ಹಿಡಿದು ಜೈಲಿಗೆ ಹಾಕಿದರು. ಅನುಮತಿ ತಗೊಂಡು ಒಳಕ್ಕೆ ಹೋಗಬೇಕು, ಹೊತ್ತು ಮೀರಿದರೆ ಎದ್ದು ಹೊರಡಬೇಕು. ಕಾವಲು ಗೋಪುರ ಹಾಗೇ ನಿಂತಿದೆ. ಅದರ ಕಣ್ಣಳತೆಯಲ್ಲೇ ನಾವು ಕೂತು ಬಾಬಾಸಾಹೇಬರಿಗೆ ಜಯಕಾರ ಹಾಕುತ್ತೇವೆ. ನಮ್ಮ ಕೂಗು ಕೇಳಿಸಬೇಕಾದವರು ವಿಧಾನಸೌಧದಲ್ಲಿರುತ್ತಾರೆ. ಅಜ್ಜಿ ಕೇಳಿದ್ದರಲ್ಲಿ ತಪ್ಪೇನಿದೆ?

ವಿಧಾನಸೌಧದ ಮಾತು ಬಂದದ್ದರಿಂದ ಇನ್ನೊಂದು ಸಂಗತಿ ಹೇಳುತ್ತೇವೆ. ಅದು 1951ರಿಂದ 1956ರ ತನಕ, ಬಹುಪಾಲು ಕೆಂಗಲ್ ಹನುಮಂತಯ್ಯನವರ ಕಾಲದಲ್ಲಿ ಕಟ್ಟಿದ್ದು. ಅದರ ಕಲ್ಲು ಹೊತ್ತವರಲ್ಲಿ ಜೈಲಿನ ಕೈದಿಗಳೂ ಇದ್ದರು. ಬಾಗಿಲ ಮೇಲೆ ಸರ್ಕಾರದ ಕೆಲಸ ದೇವರ ಕೆಲಸ ಅಂತ ಕೊರೆದರು. ದೇವರ ಕೆಲಸ ಮಾಡಿದವರ ಹೆಸರು ಆ ಕಲ್ಲಿನ ಮೇಲಿದೆಯೇ? ಜೈಲಿನವರು ಬಂದು ಸೌಧ ಕಟ್ಟಿದರು. ಈಗ ಸೌಧಕ್ಕೆ ಅರ್ಜಿ ತಂದವರನ್ನು ಹಳೆ ಜೈಲಿಗೆ ಕಳಿಸುತ್ತಾರೆ. ಲೆಕ್ಕ ಚುಕ್ತಾ!

ಇನ್ನು ಪಾರ್ಕಿನೊಳಗಿನ ಚರಿತ್ರೆಗೆ ಬರೋಣ. ಆ ಜೈಲಿನ ಮಾತೆತ್ತಿದರೆ ಎಲ್ಲರ ಬಾಯಲ್ಲೂ ತುರ್ತು ಪರಿಸ್ಥಿತಿಯ ದೊಡ್ಡವರ ಕಥೆ. ಆ ಕಥೆ ನಿಜ. ನಟಿ ಸ್ನೇಹಲತಾ ರೆಡ್ಡಿಯವರನ್ನು 1976ರಲ್ಲಿ ಹಿಡಿದು, ಉಬ್ಬಸದ ರೋಗಿ ಅಂತ ಗೊತ್ತಿದ್ದೂ ಇದೇ ಜೈಲಿನಲ್ಲಿಟ್ಟರು. 1977ರ ಜನವರಿಯಲ್ಲಿ ಹೊರಬಿಟ್ಟ ಕೆಲವೇ ದಿನಕ್ಕೆ ಆಕೆ ತೀರಿಕೊಂಡರು. ಆಕೆಯನ್ನು ನಾವು ಗೌರವದಿಂದ ನೆನೆಯುತ್ತೇವೆ. ಆದರೆ ಆ ಜೈಲು ನೂರಮೂವತ್ತು ವರ್ಷಕ್ಕೂ ಹೆಚ್ಚು ಕಾಲ ನಡೆಯಿತು. ತುರ್ತು ಪರಿಸ್ಥಿತಿ ಇದ್ದದ್ದು ಇಪ್ಪತ್ತೊಂದು ತಿಂಗಳು. ಉಳಿದಷ್ಟೂ ವರ್ಷ ಅಲ್ಲಿದ್ದವರು ಯಾರು? ರಾಗಿ ಕದ್ದವನು, ಸಾಲ ತೀರಿಸಲಾಗದವನು, ಗೌಡನಿಗೆ ಎದುರಾಡಿದ್ದಕ್ಕೆ ಸುಳ್ಳು ಕೇಸು ಹಾಕಿಸಿಕೊಂಡವನು, ಜಾಮೀನಿಗೆ ಆಳು ಸಿಗದವನು. ಅವರ ಹೆಸರು ಯಾರ ಬಾಯಲ್ಲಿದೆ?

ಅಷ್ಟೇ ಅಲ್ಲ. ಬ್ರಿಟಿಷರ ಕಾಲದಲ್ಲಿ ಬರೆದ ಜೈಲು ಕೈಪಿಡಿಗಳು ಜಾತಿ ನೋಡಿ ಕೆಲಸ ಹಂಚಿದವು. ಅಡಿಗೆಗೆ ಮೇಲುಜಾತಿಯವನು, ಕಕ್ಕಸು ಬಾಚುವುದಕ್ಕೆ ಕೀಳುಜಾತಿಯವನು. ಗುಲಾಮಗಿರಿ ಕೆಟ್ಟದ್ದು ಅಂತ ಲೋಕಕ್ಕೆಲ್ಲ ಸಾರಿದ ಬಿಳಿಯರು ಇಲ್ಲಿ ಮನುವಿನ ಪುಸ್ತಕ ನೋಡಿ ಜೈಲು ನಡೆಸಿದರು. ಸ್ವಾತಂತ್ರ್ಯ ಬಂತು, ಸಂವಿಧಾನ ಬಂತು. 17ನೇ ವಿಧಿ ಅಸ್ಪೃಶ್ಯತೆ ತೊಡೆದುಹಾಕಿತು. ದೇಶದ ಹಲವು ರಾಜ್ಯಗಳ ಜೈಲು ಕೈಪಿಡಿಗಳಲ್ಲಿ ಮಾತ್ರ ಅದು ಹಾಯಾಗಿ ಉಳಿಯಿತು. ಕೊನೆಗೆ 2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟು, ಜೈಲಿನೊಳಗೆ ಜಾತಿ ನೋಡಿ ಕೆಲಸ ಕೊಡುವುದು ಸಂವಿಧಾನಕ್ಕೆ ವಿರುದ್ಧ, ಆ ನಿಯಮಗಳನ್ನು ಕಿತ್ತುಹಾಕಿ ಅಂತ ತೀರ್ಪು ಕೊಟ್ಟಿತು. ಸ್ವಾತಂತ್ರ್ಯ ಬಂದು 77 ವರ್ಷ ಆದಮೇಲೆ! ಜೈಲಿನ ನೆನಪನ್ನು ಉಳಿಸುತ್ತೇವೆ ಅನ್ನುವವರು ಈ ನೆನಪನ್ನು ಯಾಕೆ ಉಳಿಸಲಿಲ್ಲ? ಪೊರಕೆ ಹಿಡಿದವನದು ಚರಿತ್ರೆಯಲ್ಲವೇ?

ಈಗ ಬಿಳಿಯರ ಕಲ್ಲಿನ ವಿಚಾರ. ಮಾರ್ಕ್ ಕಬ್ಬನ್ ಅನ್ನುವವನು 1834ರಿಂದ 1861ರ ತನಕ ಮೈಸೂರಿನ ಕಮಿಷನರಾಗಿದ್ದ. ಅವನ ಕೈಕೆಳಗೆ ತುಮಕೂರಿನಲ್ಲಿ ಕೂತು ಚಿತ್ರದುರ್ಗ ವಿಭಾಗ ಆಳಿದವನು ಡಾಬ್ಸ್. ಬೆಂಗಳೂರಿಗೆ ಹೋಗುವ ದಾರಿಯಲ್ಲಿ ಸಿಗುವ ದಾಬಸ್‌ಪೇಟೆ ಅವನ ಹೆಸರಿನದೇ. ಕುದುರೆ ಮೇಲೆ ಕೂತ ಕಬ್ಬನ್ನನ ಪ್ರತಿಮೆಯನ್ನು 1866ರಲ್ಲಿ ನಿಲ್ಲಿಸಿದರು. ಬಹುಕಾಲ ಅದು ಹೈಕೋರ್ಟಿರುವ ಅಠಾರಾ ಕಚೇರಿಯ ಮುಂದಿತ್ತು. ನ್ಯಾಯ ಕೇಳಲು ಹೋದವನು ಮೊದಲು ಅವನ ಕುದುರೆಯ ಮುಖ ನೋಡಬೇಕಿತ್ತು. 2020ರ ಜೂನ್‌ನಲ್ಲಿ ಅದನ್ನು ಎತ್ತಿ ಕಬ್ಬನ್ ಪಾರ್ಕಿನೊಳಗೆ ಇಟ್ಟರು. ಆ ಪಾರ್ಕಿನ ಕಥೆಯೂ ಸ್ವಾರಸ್ಯ. 1927ರಲ್ಲೇ ಅದಕ್ಕೆ ಚಾಮರಾಜೇಂದ್ರ ಪಾರ್ಕು ಅಂತ ಹೆಸರಿಟ್ಟಾಗಿದೆ. ನೂರು ವರ್ಷ ಆಗುತ್ತಾ ಬಂತು, ಯಾವ ಆಟೋದವನೂ ಆ ಹೆಸರು ಹೇಳುವುದಿಲ್ಲ. ಬೋರ್ಡು ಬದಲಾಯಿಸಿದರೆ ಜಾಗ ಬದಲಾಗುವುದಿಲ್ಲ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕೇ?

ಕುದುರೆ ಸವಾರ ಹೋದ. ಸರಿ. ಹೈಕೋರ್ಟಿನ ಮುಂದಿನ ನೆಲ ಯಾರದಾಯಿತು? 2022ರ ಜನವರಿ 26ರಂದು ರಾಯಚೂರಿನ ಕೋರ್ಟಿನಲ್ಲಿ ಗಣರಾಜ್ಯೋತ್ಸವದ ಹೊತ್ತಿಗೆ ಬಾಬಾಸಾಹೇಬರ ಭಾವಚಿತ್ರ ತೆಗೆಸಿದ ಸುದ್ದಿ ನಾಡಿಗೆಲ್ಲ ಬೆಂಕಿ ಹಚ್ಚಿತು. ಸಂವಿಧಾನ ಜಾರಿಗೆ ಬಂದ ದಿನ ಸಂವಿಧಾನ ಬರೆದವರ ಪಟಕ್ಕೆ ಜಾಗವಿಲ್ಲ! ಫೆಬ್ರವರಿ 19ರಂದು ಬೆಂಗಳೂರಿನ ರೈಲ್ವೆ ನಿಲ್ದಾಣದಿಂದ ಹೊರಟ ನೀಲಿ ಬಾವುಟಗಳ ಸಮುದ್ರವನ್ನು ಕಂಡವರು ಈ ಜನ್ಮದಲ್ಲಿ ಮರೆಯಲಾರರು. ಆ ಸಮುದ್ರವನ್ನೂ ಕೊನೆಗೆ ಎಲ್ಲಿಗೆ ತಿರುಗಿಸಿದರು? ಫ್ರೀಡಂ ಪಾರ್ಕಿಗೆ. ಕಬ್ಬನ್ನನ ಕುದುರೆ ನೂರಾರು ವರ್ಷ ನಿಲ್ಲಬಹುದಾಗಿದ್ದ ಕಡೆ ಅಂಬೇಡ್ಕರರ ಮಕ್ಕಳು ಒಂದು ಮಧ್ಯಾಹ್ನ ನಿಲ್ಲಬಾರದು.

ನಮ್ಮ ಹುಡುಗರು ಸಿಟ್ಟಿನಲ್ಲಿ ಹೇಳುತ್ತಾರೆ: "ಎಲ್ಲಾ ಕಲ್ಲೂ ಒಡೆದಾಕಣ್ರಣ್ಣ, ಪೀಡೆ ತೊಲಗಲಿ." ಅವರ ಸಿಟ್ಟು ನಮ್ಮದೂ ಹೌದು. ಆದರೆ ಒಡೆದ ಮೇಲೆ ಏನು ಅಂತ ಯೋಚಿಸಬೇಡವೇ? 1791ರಲ್ಲಿ ಟಿಪ್ಪುವಿನ ಬೆಂಗಳೂರು ಕೋಟೆಗೆ ಮುತ್ತಿಗೆ ಹಾಕಿ ಸತ್ತ ಬ್ರಿಟಿಷರ ನೆನಪಿಗೆ ಹಡ್ಸನ್ ವೃತ್ತದ ಹತ್ತಿರ ಒಂದು ಸ್ತಂಭವಿತ್ತು. 1964ರಲ್ಲಿ ಅದನ್ನು ಕೆಡವಿದರು. ಕಲ್ಲು ಹೋಯಿತು, ಜೊತೆಗೆ ಕಥೆಯೂ ಹೋಯಿತು. ಈಗ ಅಲ್ಲಿ ಬಸ್ಸು ಲಾರಿ ಸುತ್ತುತ್ತವೆ. ಅಲ್ಲೊಂದು ಯುದ್ಧದ ಕಂಬವಿತ್ತು ಅಂತ ಎಷ್ಟು ಮಕ್ಕಳಿಗೆ ಗೊತ್ತು? ಇಂಗ್ಲೆಂಡಿನ ಬ್ರಿಸ್ಟಲ್ ಊರಿನವರು 2020ರ ಜೂನ್ 7ರಂದು ಗುಲಾಮರ ವ್ಯಾಪಾರಿ ಕೋಲ್‌ಸ್ಟನ್ನನ ಪ್ರತಿಮೆಯನ್ನು ಹಗ್ಗ ಕಟ್ಟಿ ಎಳೆದು ಬಂದರಿನ ನೀರಿಗೆ ತಳ್ಳಿದರು. ಆದರೆ ಅಷ್ಟಕ್ಕೇ ಬಿಡಲಿಲ್ಲ. ನೀರಿನಿಂದ ಎತ್ತಿ, ಜನ ಬಳಿದ ಬಣ್ಣದ ಸಮೇತ, ಮರುವರ್ಷ ವಸ್ತುಸಂಗ್ರಹಾಲಯದಲ್ಲಿ ಅಂಗಾತ ಮಲಗಿಸಿ ತೋರಿಸಿದರು. ಈಗ ಅದು ಹೇಳುವುದು ಎರಡು ಕಥೆ: ಅವನು ಮಾಡಿದ್ದು, ಜನ ಅವನಿಗೆ ಮಾಡಿದ್ದು.

ಅಷ್ಟು ದೂರ ಯಾಕೆ? ಭೀಮಾ ಕೋರೆಗಾಂವ್ ನೋಡಿ. 1818ರ ಜನವರಿ 1ರಂದು ಪೇಶ್ವೆಯ ಸೈನ್ಯವನ್ನು ಎದುರಿಸಿದ ಕಂಪನಿ ಪಡೆಯಲ್ಲಿ ಮಹಾರರು ಇದ್ದರು. ಕಂಪನಿಯವರು ತಮ್ಮ ವಿಜಯಕ್ಕೆ ಸ್ತಂಭ ನಿಲ್ಲಿಸಿದರು. ಅದು ನಮ್ಮ ಮೇಲಿನ ಪ್ರೀತಿಗೆ ನಿಲ್ಲಿಸಿದ್ದಲ್ಲ. 1890ರ ದಶಕದಲ್ಲಿ ಅದೇ ಬಿಳಿಯರು ಮಹಾರರನ್ನು ಸೈನ್ಯಕ್ಕೆ ಸೇರಿಸಿಕೊಳ್ಳುವುದನ್ನೇ ನಿಲ್ಲಿಸಿದರು. ಆದರೆ 1927ರ ಜನವರಿ 1ರಂದು ಬಾಬಾಸಾಹೇಬರು ಅಲ್ಲಿಗೆ ಹೋಗಿ ನಿಂತರು. ಅಂದಿನಿಂದ ಆ ಕಂಬ ಕಂಪನಿಯದಾಗಿ ಉಳಿಯಲಿಲ್ಲ. ಒಂದು ಕಲ್ಲನ್ನೂ ಕದಲಿಸಲಿಲ್ಲ, ಒಬ್ಬ ಇಂಜಿನಿಯರನೂ ನಕ್ಷೆ ಬರೆಯಲಿಲ್ಲ. ವರ್ಷ ವರ್ಷ ಲಕ್ಷಾಂತರ ಕಾಲುಗಳು ನಡೆದು ಆ ನೆಲವನ್ನು ನಮ್ಮದು ಮಾಡಿದವು. ಅದಕ್ಕೇ ಅಲ್ಲವೇ 2018ರಲ್ಲಿ ಅಲ್ಲಿಗೆ ಹೋದವರ ಮೇಲೆ ಕಲ್ಲು ತೂರಿದ್ದು? ಜನ ಸೇರುವುದನ್ನು ಕಂಡರೆ ಅವರಿಗೆ ಭಯ. ಕಂಬ ಕಂಡರೆ ಭಯವಿಲ್ಲ.

ನಾವು ಹೇಳುವುದಿಷ್ಟೇ. ದಬ್ಬಾಳಿಕೆಯವರು ಬಿಟ್ಟುಹೋದ ಕಲ್ಲು ಇರಲಿ, ಹೋಗಲಿ, ಅದು ಎರಡನೇ ಮಾತು. ಅದರ ಸುತ್ತಲಿನ ನೆಲದ ಮೇಲೆ ಯಾರು ಯಾರ ಅಪ್ಪಣೆ ಇಲ್ಲದೆ ಕೂರಬಹುದು, ಅದು ಮೊದಲ ಮಾತು. ಅದು ಬದಲಾಗದೆ ಹುಲ್ಲು ಹಾಸಿ, ದೀಪ ಹಾಕಿ, ಕಾರಂಜಿ ಚಿಮ್ಮಿಸಿದರೆ ಹಳೆ ಯಜಮಾನನ ಮನೆಗೆ ಸುಣ್ಣ ಹೊಡೆದ ಹಾಗೆ.

ಟ್ರಾಫಿಕ್ಕಿಗೆ ತೊಂದರೆ ಅನ್ನುವ ಮಹಾಶಯರಿಗೆ ಒಂದು ಪ್ರಶ್ನೆ. ತೇರು ಎಳೆಯುವಾಗ ರಸ್ತೆ ನಿಲ್ಲುವುದಿಲ್ಲವೇ? ಗಣಪತಿ ಬಿಡುವಾಗ ನಿಲ್ಲುವುದಿಲ್ಲವೇ? ಮಂತ್ರಿ ಕಾರು ಹೋಗುವಾಗ ನಿಲ್ಲುವುದಿಲ್ಲವೇ? ಆಗ ಕೈಮುಗಿದು ನಿಲ್ಲುವವರಿಗೆ, ಕಸ ಗುಡಿಸುವ ಹೆಣ್ಣುಮಕ್ಕಳು ಸಂಬಳ ಕೇಳಿಕೊಂಡು ಬಂದಾಗ ಮಾತ್ರ ಆಫೀಸಿಗೆ ಹೊತ್ತಾಗುತ್ತದೆ!

ಆ ಹೆಣ್ಣುಮಕ್ಕಳ ಮಾತನ್ನು ಹೇಳಲೇಬೇಕು. 2022ರ ಜುಲೈ ಮೊದಲ ವಾರ ಬೆಂಗಳೂರಿನ ಪೌರಕಾರ್ಮಿಕರು ಪೊರಕೆ ಕೆಳಗಿಟ್ಟು ಅದೇ ಫ್ರೀಡಂ ಪಾರ್ಕಿನಲ್ಲಿ ಕೂತರು. ಊರು ನಾರಿತು. ನಾಲ್ಕನೇ ದಿನಕ್ಕೆ ಸರ್ಕಾರ ಬಗ್ಗಿ, ಕೆಲಸ ಕಾಯಂ ಮಾಡುವ ಮಾತು ಕೊಟ್ಟಿತು. ಒಳಮೀಸಲಾತಿಗಾಗಿ ನಮ್ಮ ಬಂಧುಗಳು ಅಲ್ಲೇ ಧರಣಿ ಕೂತರು. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣದ ರೈತರು ತಮ್ಮೂರಿನಲ್ಲಿ ಸಾವಿರಕ್ಕೂ ಹೆಚ್ಚು ದಿನ ಕೂತು, ಕೊನೆಗೆ ಅಲ್ಲಿಗೂ ಬಂದರು. 2025ರ ಜುಲೈ 15ರಂದು 1,777 ಎಕರೆ ಭೂಸ್ವಾಧೀನ ಕೈಬಿಟ್ಟೆವು ಅಂತ ಸರ್ಕಾರದ ಬಾಯಿಂದಲೇ ಹೇಳಿಸಿದರು. ಜೈಲಿನ ಅಂಗಳವನ್ನು ನಿಜವಾಗಿ ಪಾರ್ಕು ಮಾಡಿದವರು ಇವರು. ಅಲ್ಲಿನ ಶಾಸನದಲ್ಲಿ ಇವರ ಹೆಸರು ಯಾವಾಗ ಬರುತ್ತದೆ?

ಈಗ ಬೆರಳನ್ನು ನಮ್ಮ ಕಡೆಗೇ ತಿರುಗಿಸಿಕೊಳ್ಳೋಣ. ಹೋದ ಆಳ್ವಿಕೆಯ ಕಲ್ಲು ಎತ್ತುವುದು ಸುಲಭ. ಹೋಗದೇ ಇರುವ ಆಳ್ವಿಕೆಯ ಕಲ್ಲು? ಬಿಳಿಯರು 1947ರಲ್ಲಿ ಹೋದರು. ಜಾತಿ ಯಾವ ಹಡಗು ಹತ್ತಿತು? ಗುಬ್ಬಿ, ಕುಣಿಗಲ್ ಕಡೆಯ ಯಾವ ಹಳ್ಳಿಗೆ ಬೇಕಾದರೂ ಹೋಗಿ ನೋಡಿ. ಊರ ಮುಂದಿನ ಅರಳಿಕಟ್ಟೆ, ಗುಡಿಯ ಅಂಗಳ, ಸೇದುವ ಬಾವಿ, ಹೋಟೆಲಿನ ಬೆಂಚು, ಸುಡುಗಾಡಿನ ಬೇಲಿ. ಇವು ಯಾವುದಕ್ಕೂ ಪ್ರಾಚ್ಯವಸ್ತು ಇಲಾಖೆಯ ನೀಲಿ ಬೋರ್ಡಿಲ್ಲ. ಆದರೆ ಇವೇ ಈ ದೇಶದ ಅತಿ ಹಳೆಯ ಸ್ಮಾರಕಗಳು. ಇವುಗಳ ಸುತ್ತ ಗೆರೆ ಎಳೆದವರು ಇನ್ನೂ ಬದುಕಿದ್ದಾರೆ, ಪಂಚಾಯ್ತಿಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದಾರೆ.

ನಮ್ಮ ಉಪ್ಪಾರಹಳ್ಳಿಯ ಹೆಸರನ್ನೇ ತಗೊಳ್ಳಿ. ಚೌಳು ಮಣ್ಣು ಸೋಸಿ ಉಪ್ಪು ತೆಗೆದವರ, ಕೆರೆ ತೋಡಿ ಏರಿ ಹಾಕಿದವರ ಹೆಸರು ಅದು. ಊರಿಗೆಲ್ಲ ಉಪ್ಪು ಉಣಿಸಿದವರಿಗೆ, ನೀರು ನಿಲ್ಲಿಸಿದವರಿಗೆ ಯಾವ ವೃತ್ತದಲ್ಲಿ ಪ್ರತಿಮೆಯಿದೆ? ಕೆರೆ ಕಟ್ಟಿಸಿದ ದೊರೆಯ ಹೆಸರು ಶಾಸನದಲ್ಲಿ ಸಿಗುತ್ತದೆ. ಮಣ್ಣು ಹೊತ್ತವನ ಹೆಸರು ಬಡಾವಣೆಯ ಹೆಸರಾಗಿ ಉಳಿದರೆ ಅದೇ ಅವನ ಪುಣ್ಯ.

ನಮ್ಮ ತಪ್ಪೂ ಇದೆ. ಚಂದಾ ಎತ್ತಿ ಬಾಬಾಸಾಹೇಬರ ಪ್ರತಿಮೆ ನಿಲ್ಲಿಸುತ್ತೇವೆ. ಯಾರಾದರೂ ಅವಮಾನ ಮಾಡಿಯಾರು ಅಂತ ಸುತ್ತ ಕಬ್ಬಿಣದ ಪಂಜರ ಹಾಕಿಸುತ್ತೇವೆ, ಬೀಗ ಜಡಿಯುತ್ತೇವೆ. ಏಪ್ರಿಲ್ 14ಕ್ಕೊಮ್ಮೆ, ಡಿಸೆಂಬರ್ 6ಕ್ಕೊಮ್ಮೆ ಬೀಗ ತೆಗೆದು ಹಾರ ಹಾಕಿ ಫೋಟೋ ಹಿಡಿಸಿಕೊಂಡು ಹೋಗುತ್ತೇವೆ. ಮಹಾಡದ ಕೆರೆಯ ನೀರನ್ನು ಎಲ್ಲರಿಗೂ ಬಿಡಿಸಲು ಹೋದ ಮನುಷ್ಯನನ್ನು ನಾವೇ ಬೀಗದೊಳಗೆ ಇಟ್ಟಿದ್ದೇವೆ. ಪಂಜರ ಹಾಕುವ ಹಾಗೆ ಮಾಡಿದವರ ಮೇಲೆ ಸಿಟ್ಟಿರಲಿ. ಆದರೆ ಆ ಪಂಜರದ ಮುಂದೆ ಒಂದು ಕಟ್ಟೆ ಕಟ್ಟಿ, ಸಂಜೆ ಹೊತ್ತು ನಾಲ್ಕು ಮಕ್ಕಳು ಕೂತು ಓದುವ ಹಾಗೆ ಮಾಡಿದ್ದೇವೆಯೇ? ಪ್ರತಿಮೆ ಕಾಯುವುದಕ್ಕೆ ಬೀಗಕ್ಕಿಂತ ಅದೇ ಗಟ್ಟಿ ಕಾವಲು.

ಹಾಗಾಗಿ ನಮ್ಮ ಹಕ್ಕೊತ್ತಾಯಗಳು ಹೀಗಿವೆ:

1. ಫ್ರೀಡಂ ಪಾರ್ಕು ಹೋರಾಟಕ್ಕೆ ಇರುವ ಜಾಗಗಳಲ್ಲಿ ಒಂದಾಗಿರಲಿ. ಏಕೈಕ ಜಾಗ ಆಗಬಾರದು. ವಿಧಾನಸೌಧದ ಎದುರು, ಆಳುವವರ ಕಣ್ಣಿಗೆ ಬೀಳುವ ಕಡೆ, ಜನ ಕೂತು ಅಹವಾಲು ಹೇಳುವ ನೆಲ ಗುರುತಿಸಬೇಕು.

2. ಹಳೆ ಜೈಲಿನ ಒಂದು ಬ್ಯಾರಕ್ಕಿನಲ್ಲಿ ಜಾತಿ ನೋಡಿ ಕೆಲಸ ಹಂಚಿದ ಜೈಲು ನಿಯಮಗಳನ್ನು ಕನ್ನಡದಲ್ಲಿ ಬರೆದು ಹಾಕಬೇಕು. ಅದರ ಪಕ್ಕದಲ್ಲೇ 2024ರ ತೀರ್ಪನ್ನೂ ಹಾಕಬೇಕು.

3. ಸ್ನೇಹಲತಾ ರೆಡ್ಡಿಯವರ ಹೆಸರಿನ ಜೊತೆಗೆ, ಹೆಸರಿಲ್ಲದೆ ಅಲ್ಲಿ ಕೊಳೆತ ಬಡ ಕೈದಿಗಳಿಗೂ ಒಂದು ಕಲ್ಲು ನಿಲ್ಲಬೇಕು. ವಿಧಾನಸೌಧದ ಕಲ್ಲು ಹೊತ್ತವರಿಗೂ ನಿಲ್ಲಬೇಕು.

4. ದೂರದ ಊರುಗಳಿಂದ ಮಕ್ಕಳನ್ನು ಕಟ್ಟಿಕೊಂಡು ಬರುವ ಹೆಂಗಸರಿಗೆ ನೆರಳು, ಕುಡಿಯುವ ನೀರು, ಶುಚಿಯಾದ ಕಕ್ಕಸು, ರಾತ್ರಿ ತಂಗಲು ಸೂರು ಅಲ್ಲಿರಬೇಕು. ಸ್ವಾತಂತ್ರ್ಯದ ಪಾರ್ಕಿನಲ್ಲಿ ಉಚ್ಚೆ ಹುಯ್ಯಲು ಹೆದರುವ ಸ್ಥಿತಿ ಯಾರಿಗೂ ಬರಬಾರದು.

5. ತುಮಕೂರಿನ ವೃತ್ತ, ಕೆರೆ ಏರಿ, ಮೈದಾನ ಯಾವುದನ್ನೇ ಹೊಸದಾಗಿ ರೂಪಿಸುವಾಗ, ನಕ್ಷೆಯನ್ನು ಮೊದಲು ಕೇರಿಗಳಲ್ಲಿ, ಕೊಳೆಗೇರಿಗಳಲ್ಲಿ ಹರಡಿ ತೋರಿಸಬೇಕು. ಕೂಲಿ ಮುಗಿಸಿ ಬಂದವನು ಸಂಜೆ ಕೂರುವ ಜಾಗ ಎಲ್ಲಿದೆ ಅಂತ ಬೆರಳಿಟ್ಟು ತೋರಿಸಬೇಕು.

ಇವನ್ನು ಸರ್ಕಾರ ತಾನಾಗಿಯೇ ಕೊಡುತ್ತದೆ ಅನ್ನುವ ಭ್ರಮೆ ನಮಗಿಲ್ಲ. ಚೌಡಾರ್ ಕೆರೆಯ ನೀರನ್ನು ಯಾರೂ ತಂಬಿಗೆಯಲ್ಲಿ ತಂದುಕೊಡಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರ ಜೊತೆ ನಡೆದು ಹೋಗಿ, ಬಗ್ಗಿ, ಬೊಗಸೆಯಲ್ಲಿ ಕುಡಿದರು. ಮುಂದಿನ ಸಭೆಗೆ ಬರುವವರು ನಿಮ್ಮ ನಿಮ್ಮ ಊರಿನಲ್ಲಿ ನಾವು ಕೂರಬಾರದ ಕಟ್ಟೆ ಯಾವುದು, ಹೋಗಬಾರದ ಅಂಗಳ ಯಾವುದು ಅಂತ ಪಟ್ಟಿ ಬರೆದು ತನ್ನಿ. ಬೆಂಗಳೂರಿನ ಗೋಪುರದ ಜೊತೆಗೆ ಆ ಪಟ್ಟಿಯನ್ನೂ ಕೈಗೆ ತಗೊಳ್ಳೋಣ.

ಅಜ್ಜಿಗೆ ನಮ್ಮ ಉತ್ತರ: ನೀನು ತಪ್ಪು ಮಾಡಿಲ್ಲವ್ವ. ತಪ್ಪು ಗೋಡೆಯದು. ಮುಂದಿನ ಸಾರಿ ಬರುವಾಗ ನಿನ್ನ ಮೊಮ್ಮಕ್ಕಳನ್ನೂ ಕರ್ಕಂಡು ಬಾ.

ಜೈ ಭೀಮ್.

ಉಪ್ಪಾರಹಳ್ಳಿಯ ಗೆಳೆಯರು, ತುಮಕೂರು